ಹೋಂಸ್ಟೇ ಗೆಸ್ಟ್‌ಗಳಿಗೆ ಬಾರ್ಬೆಕ್ಯೂ ಗ್ರಿಲ್ ಕೊಡಬೇಕಾ, ಬೇಡವಾ?

ಮೂಡಿಗೆರೆ ತೋಟದ ಮನೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಮೂರು ರೂಮಿನ ಹೋಂಸ್ಟೇ. ಸುತ್ತ ಕಾಫಿ ತೋಟ, ನಡುವೆ ಸಿಲ್ವರ್ ಓಕ್. ನಾನು, ನಮ್ಮ ಯಜಮಾನರು, ಅತ್ತೆ ಅದೇ ಅಂಗಳದ ಹಳೇ ಮನೆಯಲ್ಲಿ ಇದ್ದೇವೆ. ಶುರು ಮಾಡಿ ಎರಡು ವರ್ಷ ಆಯಿತು.

ಫೋನ್ ಮಾಡುವವರು ಮೊದಲು ಕೇಳುವುದೇ "ಬಾರ್ಬೆಕ್ಯೂ ಇದೆಯಾ?" ಅಂತ. ರೂಮಿನ ವಿಷಯ ಆಮೇಲೆ. ಇಲ್ಲ ಅಂದರೆ "ಮನೆಯಲ್ಲಿ ಕೇಳಿ ಹೇಳುತ್ತೇವೆ" ಅಂತ ಫೋನ್ ಇಡುತ್ತಾರೆ, ಮತ್ತೆ ಮಾಡುವುದಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಗುಂಪು ತಾವೇ ಮಡಚುವ ಗ್ರಿಲ್ ತಂದಿದ್ದರು. ನಾವು ಊಟಕ್ಕೆ ಕೂತಿದ್ದೆವು. ಹೊರಗೆ ಬಂದು ನೋಡಿದರೆ ಜಗಲಿಯ ಮರದ ಕಂಬದ ಪಕ್ಕದಲ್ಲೇ ಕೆಂಡ ಉರಿಯುತ್ತಿದೆ. ಮೇಲೆ ಅಜ್ಜನ ಕಾಲದ ತೊಲೆ, ಹಂಚಿನ ಮಾಡು. ಒಳ್ಳೆಯ ಮಕ್ಕಳೇ, ಹೇಳಿದ ಕೂಡಲೇ ಎತ್ತಿ ಅಂಗಳಕ್ಕೆ ಇಟ್ಟರು. ಬೆಳಗ್ಗೆ ನೋಡಿದರೆ ಬೂದಿಯನ್ನು ಕಾಫಿ ಗಿಡದ ಬುಡದಲ್ಲಿ, ತರಗೆಲೆಗಳ ಮೇಲೆ ಸುರಿದು ಹೋಗಿದ್ದರು. ಕೈ ಹತ್ತಿರ ಹಿಡಿದರೆ ಇನ್ನೂ ಬಿಸಿ. ಎಲೆಗಳು ಮೊರದಗಲ ಸುಟ್ಟು ಅಲ್ಲಿಗೆ ನಿಂತಿದ್ದವು. ರಾತ್ರಿ ಇಬ್ಬನಿ ಜೋರಾಗಿ ಬಿದ್ದಿತ್ತು, ಅದಕ್ಕೇ ಉಳಿಯಿತು.

ಆ ಕಪ್ಪು ಮಚ್ಚೆ ನನ್ನ ಕಣ್ಣಿಂದ ಹೋಗುತ್ತಿಲ್ಲ. ಯಜಮಾನರು "ನಾವು ಕೊಡದಿದ್ದರೆ ಅವರೇ ತರುತ್ತಾರೆ, ಅದಕ್ಕಿಂತ ನಾವೇ ಒಂದು ಒಳ್ಳೆಯದು ಇಡೋಣ" ಅನ್ನುತ್ತಾರೆ. ಅತ್ತೆಗೆ ಬೆಂಕಿ ಸಹವಾಸವೇ ಬೇಡ. ದಸರಾ ರಜೆಯ ಬುಕಿಂಗ್ ಶುರುವಾಗುವ ಮೊದಲು ತೀರ್ಮಾನ ಮಾಡಬೇಕು. ಕೊಡುತ್ತಿರುವವರು, ಕೊಟ್ಟು ನಿಲ್ಲಿಸಿದವರು, ಇಬ್ಬರೂ ಹೇಳಿ. ಯಾವ ಗ್ರಿಲ್? ಎಲ್ಲಿ ಇಡಬೇಕು? ದುಡ್ಡು ಕೇಳಬೇಕಾ?

ಕೊಡಗು ಹೋಂಸ್ಟೇ, 11 ವರ್ಷ

ಅಕ್ಕ, ಕೊಡಿ. ಆದರೆ ಗ್ರಿಲ್ ಜೊತೆ ನಿಮ್ಮ ಮನೆಯ ಒಬ್ಬ ಮನುಷ್ಯನನ್ನೂ ಕೊಡಿ. ಅದು ಆಗುವುದಿಲ್ಲ ಅಂದರೆ ಗ್ರಿಲ್ ತರಲೇಬೇಡಿ.

ನಾವು ಮೊದಲ ವರ್ಷ ಗ್ರಿಲ್ ಇಟ್ಟು, ಪಕ್ಕದಲ್ಲಿ ಒಂದು ಚೀಲ ಇದ್ದಿಲು ಇಟ್ಟು, "ನಿಮಗೆ ಬೇಕಾದಾಗ ಮಾಡಿಕೊಳ್ಳಿ" ಅಂತ ಬಿಟ್ಟಿದ್ದೆವು. ಒಂದು ರಾತ್ರಿ ಹುಡುಗರಿಗೆ ಬೆಂಕಿ ಸರಿಯಾಗಿ ಹತ್ತಲಿಲ್ಲ. ಇದ್ದಿಲು ಅರ್ಧ ಹತ್ತಿ ಕಪ್ಪಗೆ ಕೂತಿತ್ತು. ಒಬ್ಬ ಹೋಗಿ ಬೈಕಿನಿಂದ ನೀರಿನ ಬಾಟಲಿಗೆ ಪೆಟ್ರೋಲ್ ಇಳಿಸಿಕೊಂಡು ಬಂದು ಸುರಿದ. ಮೇಲೆ ಕಪ್ಪಗೆ ಕಂಡರೂ ಒಳಗೆ ಕೆಂಡ ಇರುತ್ತದೆ. ಪೆಟ್ರೋಲಿನ ಆವಿಗೆ ಅಷ್ಟು ಸಾಕು. ಧಗ್ ಅಂತ ಎದ್ದ ಉರಿ ಅವನ ಕೈಯ ಬಾಟಲಿ ತನಕ ಬಂತು. ಹೆದರಿ ಬಾಟಲಿ ಎಸೆದ, ಅದು ಹುಲ್ಲಿನ ಮೇಲೆ ಬಿದ್ದು ಅಲ್ಲಿಯೂ ಹತ್ತಿಕೊಂಡಿತು. ಬಲಗೈ ಮೊಣಕೈವರೆಗೆ ಬೆಂದಿತ್ತು. ಯಾರೋ ಟೂತ್‌ಪೇಸ್ಟ್ ತಂದರು. ನನ್ನ ಹೆಂಡತಿ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಅವನ ಕೈಯನ್ನು ಅಂಗಳದ ನಲ್ಲಿಯ ಕೆಳಗೆ ಹಿಡಿದಳು. ಇಪ್ಪತ್ತು ನಿಮಿಷ ಬಿಡಲಿಲ್ಲ. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೀರು ಬಿಟ್ಟು ಬೇರೇನೂ ಹಚ್ಚದೆ ಬಂದದ್ದು ಒಳ್ಳೆಯದಾಯಿತು ಅಂತ ಡಾಕ್ಟರ್ ಹೇಳಿದರು. ಹುಡುಗ ಈಗ ಚೆನ್ನಾಗಿದ್ದಾನೆ, ಮದುವೆಗೂ ಕರೆದಿದ್ದ. ಆದರೆ ಆ ರಾತ್ರಿ ಅವನ ತಾಯಿಗೆ ಫೋನ್ ಮಾಡಿದವನು ನಾನು. ಆ ಮಾತನ್ನು ಮತ್ತೆ ಯಾವ ತಾಯಿಗೂ ಹೇಳುವ ಹಾಗೆ ಆಗಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಈಗ ನಮ್ಮಲ್ಲಿ ಹಚ್ಚುವುದು ನಾವೇ, ಆರಿಸುವುದೂ ನಾವೇ. ನಡುವೆ ಸುಡುವುದು ಮಾತ್ರ ಗೆಸ್ಟ್. ಏಳಕ್ಕೆ ಬೇಕು ಅಂದರೆ ಆರೂವರೆಗೆ ಮುಂಚೆಯೇ ಹಚ್ಚುತ್ತೇವೆ. ಪೆಟ್ರೋಲ್, ಸೀಮೆಎಣ್ಣೆ ಏನೂ ಬೇಕಾಗುವುದಿಲ್ಲ. ದೊಡ್ಡ ತಗಡಿನ ಡಬ್ಬದ ಎರಡೂ ಬದಿ ಕತ್ತರಿಸಿ, ತಳದಿಂದ ನಾಲ್ಕು ಬೆರಳು ಮೇಲೆ ಅಡ್ಡ ಕಂಬಿ ಹಾಕಿ, ಅದರ ಕೆಳಗೆ ಸುತ್ತ ತೂತು ಹೊಡೆಯಿರಿ. ಕೆಳಗೆ ಪೇಪರ್, ಕಂಬಿ ಮೇಲೆ ಇದ್ದಿಲು. ಪೇಪರಿಗೆ ಕಡ್ಡಿ ಗೀರಿದರೆ ಗಾಳಿ ತಾನೇ ಎಳೆದುಕೊಂಡು ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಮೇಲಿನ ಇದ್ದಿಲಿಗೂ ಬೂದಿ ಬಣ್ಣ ಬರುತ್ತದೆ. ಆಗ ಗ್ರಿಲ್‌ಗೆ ಸುರಿಯುವುದು. ಉರಿ ಇರುವಾಗ ಸುಟ್ಟರೆ ಮೇಲೆ ಕರಕಲು, ಒಳಗೆ ಹಸಿ. ಕೆಂಡಕ್ಕೆ ಬೂದಿ ಹೊದ್ದಮೇಲೆ ಸುಟ್ಟರೆ ಮಾಂಸ ಹದವಾಗಿ ಬೇಯುತ್ತದೆ.

ಒಂಬತ್ತೂವರೆಗೆ ಮುಗಿಸುತ್ತೇವೆ. ಇದನ್ನು ಬುಕಿಂಗ್ ಮಾಡುವಾಗಲೇ ಹೇಳುತ್ತೇವೆ, ಬಂದಮೇಲೆ ಅಲ್ಲ.

ಗಿರಿ ಕಡೆಯವರು, ಚಿಕ್ಕಮಗಳೂರು

ನಾವು ಕೊಟ್ಟು ನಿಲ್ಲಿಸಿದವರು. ನಮ್ಮ ಜಾಗದ ಬೇಲಿ ದಾಟಿದರೆ ಹುಲ್ಲುಗಾವಲು, ಅದರಾಚೆ ಶೋಲಾ ಕಾಡು. ಜನವರಿ ಕಳೆದರೆ ಆ ಹುಲ್ಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಕಾಲಿಟ್ಟರೆ ಚರಚರ ಅನ್ನುತ್ತದೆ. ಸಂಜೆ ಗಾಳಿ ಗುಡ್ಡ ಹತ್ತುವ ಕಡೆಗೇ ಬೀಸಿದರೆ ಒಂದು ಕಿಡಿ ಸಾಕು. ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ, ಬೆಂಕಿ ದಾಟದ ಹಾಗೆ ಹುಲ್ಲು ತೆಗೆದು ಬೆಂಕಿ ರೇಖೆ ಮಾಡುತ್ತಾರೆ, ವಾಚರ್‌ಗಳು ಹಗಲು ರಾತ್ರಿ ಕಾಯುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದ ದಿನಗಳು ನನಗೆ ನೆನಪಿವೆ. ನಮ್ಮ ಅಂಗಳದ ಒಂದು ಕೆಂಡದಿಂದ ಅಂಥದ್ದು ಶುರುವಾದರೆ ನಾನು ಯಾರಿಗೆ ಉತ್ತರ ಕೊಡಲಿ?

ಗಿರಾಕಿ ಹೋಗುತ್ತಾರೆ ಅನ್ನುವುದು ನಿಜ. ಸ್ವಲ್ಪ ಜನ ಹೋದರು. ನಾವು ಈಗ ಅಡುಗೆಮನೆ ಒಲೆಯ ಕೆಂಡದಲ್ಲಿ ಕೋಳಿ ಸುಟ್ಟು ಬಾಳೆಲೆಯಲ್ಲಿ ಬಿಸಿಬಿಸಿ ಬಡಿಸುತ್ತೇವೆ. ಅದಕ್ಕೂ ಬರುವವರು ಇದ್ದಾರೆ.

ಎಲ್ಲಾದರೂ ಕಾಡಿಗೆ ಬೆಂಕಿ ಬಿದ್ದದ್ದು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಮನೆ, ತೋಟಕ್ಕೆ ಅಂದರೆ 112. ಈ ಎರಡು ನಂಬರ್ ಗೋಡೆ ಮೇಲೆ ಬರೆದಿಡಿ, ಗ್ರಿಲ್ ಇದ್ದರೂ ಇಲ್ಲದಿದ್ದರೂ.

ಕೊಡಗು ಹೋಂಸ್ಟೇ, 11 ವರ್ಷ

ನಿಮ್ಮ ಜಾಗದಲ್ಲಿ ಇದ್ದರೆ ನಾನೂ ಕೊಡುತ್ತಿರಲಿಲ್ಲ ಸರ್. ನಮ್ಮದು ತಗ್ಗಿನಲ್ಲಿದೆ, ಪಕ್ಕದಲ್ಲಿ ಗದ್ದೆ, ಕೆರೆ. ಆದರೂ ಫೆಬ್ರವರಿಯಿಂದ ಮೊದಲ ಒಳ್ಳೆಯ ಮಳೆ ಬರುವ ತನಕ ನಾವೂ ಬಂದ್ ಮಾಡುತ್ತೇವೆ. ಕಾಫಿ ಹೂ ಅರಳಿಸುವ ಹೂಮಳೆ ಒಂದೆರಡು ಬಿದ್ದ ಮಾತ್ರಕ್ಕೆ ತೆಗೆಯುವುದಿಲ್ಲ. ಎರಡು ದಿನ ಬಿಸಿಲು ಹೊಡೆದರೆ ತರಗೆಲೆ ಮತ್ತೆ ಒಣಗಿರುತ್ತದೆ.

ಹಾಸನ ವೆಲ್ಡಿಂಗ್

ನಾನು ಹೋಂಸ್ಟೇ ನಡೆಸುವವನಲ್ಲ, ಗ್ರಿಲ್ ಮಾಡಿಕೊಡುವವನು. ಸಕಲೇಶಪುರದ ಕಡೆಗೆ ಬಹಳ ಮಾಡಿಕೊಟ್ಟಿದ್ದೇನೆ. ಕೆಲವು ಮಾತು ಹೇಳಲೇಬೇಕು.

ಎಲ್ಲರೂ 200 ಲೀಟರಿನ ಹಳೇ ಡ್ರಮ್ ತಂದು "ಉದ್ದಕ್ಕೆ ಸೀಳಿ ಕಾಲು ಹಾಕಿ ಕೊಡಿ" ಅನ್ನುತ್ತಾರೆ. ಡ್ರಮ್‌ನಲ್ಲಿ ಮೊದಲು ಏನಿತ್ತು ಅಂತ ನಾನು ಕೇಳುತ್ತೇನೆ. ಗೊತ್ತಿಲ್ಲ ಅಂದರೆ ವಾಪಸ್ ಕಳಿಸುತ್ತೇನೆ. ತೋಟದಲ್ಲಿ ಔಷಧಿ ಇದ್ದ ಡ್ರಮ್, ಗಿಡಕ್ಕೆ ಹೊಡೆಯುವ ಮೈಲುತುತ್ತದ ಬೋರ್ಡೋ ದ್ರಾವಣ ಕಲಸಿದ ಡ್ರಮ್ ಯಾವುದೂ ಅನ್ನದ ಹತ್ತಿರ ಬರಬಾರದು, ಎಷ್ಟು ತೊಳೆದರೂ ಬರಬಾರದು. ಎಣ್ಣೆ ಇದ್ದ ಡ್ರಮ್ಮನ್ನು ತೊಳೆಯದೆ ಕತ್ತರಿಸುವುದೂ ಅಪಾಯ. ಒಳಗೆ ಉಳಿದ ಆವಿ ಕಟ್ಟರ್ ಕಿಡಿಗೆ ಸಿಡಿಯುತ್ತದೆ. ಸುಮ್ನೆ ಹೊಸ ಶೀಟಿನಲ್ಲೇ ಮಾಡಿಸಿ. 3 ಎಂಎಂ ಶೀಟ್ ಆದರೆ ವರ್ಷಗಟ್ಟಲೆ ಬರುತ್ತದೆ, ಬಿಸಿಗೆ ಬಾಗುವುದೂ ಕಡಿಮೆ.

ಮೇಲಿನ ಜಾಲರಿಗೆ ಜಿಐ ಮೆಶ್ ಹಾಕಿ ಅಂತ ಕೇಳುತ್ತಾರೆ, ಅಗ್ಗ ಅಂತ. ಬೇಡ. ಅದರ ಮೇಲೆ ಸತುವಿನ ಲೇಪ ಇರುತ್ತದೆ. ಜಾಸ್ತಿ ಬಿಸಿಯಾದರೆ ಆ ಹೊಗೆ ಕೆಟ್ಟದ್ದು. ಮಾಮೂಲಿ ಕಬ್ಬಿಣದ ಸರಳು ಇಲ್ಲವೇ ಸ್ಟೀಲ್ ಹಾಕಿಸಿ. ಹೊರಗೆ ಪೇಂಟ್ ಬಳಿದಿದ್ದರೆ ಮೊದಲು ಎರಡು ಸಲ ಖಾಲಿ ಗ್ರಿಲ್ ಜೋರಾಗಿ ಉರಿಸಿ, ವಾಸನೆ ಹೋದಮೇಲೆ ಅಡುಗೆ.

ಕಾಲು ನಾಲ್ಕೂ ಅಗಲವಾಗಿ ಇರಲಿ. ಅಂಗಳ ಸಮ ಇರುವುದಿಲ್ಲ, ಗೆಸ್ಟ್ ಮಕ್ಕಳು ಓಡಾಡುತ್ತಾರೆ, ಒಂದು ತಳ್ಳಿದರೆ ಮಗುಚಬಾರದು. ಚಕ್ರ ಹಾಕಿಸಬೇಡಿ. ಚಕ್ರ ಇದ್ದರೆ ಮಳೆ ಬಂದ ಕೂಡಲೇ ಕೆಂಡದ ಸಮೇತ ಜಗಲಿಗೆ ಎಳೆದುಕೊಂಡು ಹೋಗುತ್ತಾರೆ.

ಆಸ್ಪತ್ರೆ ನರ್ಸ್, ಚಿಕ್ಕಮಗಳೂರು

ವೆಲ್ಡಿಂಗ್ ಅಣ್ಣ ಕೊನೆಗೆ ಹೇಳಿದ ಮಾತನ್ನೇ ನಾನು ಮುಂದುವರಿಸುತ್ತೇನೆ. ನನಗೆ ಬೆಂಕಿಗಿಂತ ಅದರ ಹೊಗೆಯದೇ ಹೆಚ್ಚು ಭಯ. ಹೊಗೆಗಿಂತ, ಹೊಗೆ ನಿಂತಮೇಲೆ ಉಳಿಯುವ ಕೆಂಡದ ಭಯ.

ಡಿಸೆಂಬರ್ ಜನವರಿಯಲ್ಲಿ ಗಿರಿ ಕಡೆ ಚಳಿ ಜಾಸ್ತಿ. ಬಾರ್ಬೆಕ್ಯೂ ಮುಗಿದಮೇಲೆ ಕೆಂಡ ಇನ್ನೂ ಬೆಚ್ಚಗಿದೆ, ಹೊಗೆ ಇಲ್ಲ, ರೂಮಿನಲ್ಲಿ ಇಟ್ಟುಕೊಂಡರೆ ಏನಾಗುತ್ತದೆ ಅನ್ನಿಸುತ್ತದೆ. ಬಾಗಿಲು, ಕಿಟಕಿ ಹಾಕಿ ಮಲಗುತ್ತಾರೆ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಪರು. ಪ್ರಯಾಣದ ಸುಸ್ತು ಅಂದುಕೊಂಡು ಮಲಗಿದವರು ಏಳುವುದೇ ಇಲ್ಲ.

2020ರ ಜನವರಿಯಲ್ಲಿ ನೇಪಾಳಕ್ಕೆ ಪ್ರವಾಸ ಹೋಗಿದ್ದ ಕೇರಳದ ಎಂಟು ಜನ ಹೀಗೇ ಹೋದರು. ಅದರಲ್ಲಿ ನಾಲ್ಕು ಮಕ್ಕಳು. ಅಲ್ಲಿ ಇದ್ದದ್ದು ಗ್ಯಾಸ್ ಹೀಟರ್, ಆದರೆ ಕೊಲ್ಲುವ ರೀತಿ ಒಂದೇ. ಮುಚ್ಚಿದ ರೂಮು, ಚಳಿ, ಉರಿ.

ಒಂದೇ ರೂಮಿನಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂತು ಅಂದರೆ ಮಾತ್ರೆ ಹುಡುಕಬೇಡಿ. ಎಲ್ಲರನ್ನೂ ಹೊರಗೆ ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ. ಚಳಿ ಇದ್ದರೆ ಗೆಸ್ಟ್‌ಗೆ ಇನ್ನೊಂದು ಕಂಬಳಿ ಕೊಡಿ, ಬಿಸಿನೀರಿನ ಚೀಲ ಕೊಡಿ. ರಾತ್ರಿ ಮಲಗುವ ಮುಂಚೆ ಕೆಂಡ ನಿಮ್ಮ ಕೈಗೆ ವಾಪಸ್ ಬಂದಿರಬೇಕು. ಇದನ್ನು ದಯವಿಟ್ಟು ಬಿಡಬೇಡಿ.

ಮೂಡಿಗೆರೆ ತೋಟದ ಮನೆ

ಓದಿ ಮೈ ಜುಂ ಅಂದಿತು. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಕಳೆದ ಚಳಿಗಾಲದಲ್ಲಿ ಒಬ್ಬರು "ಮೇಡಂ, ಆ ಕೆಂಡ ರೂಮಿಗೆ ತರಬಹುದಾ" ಅಂತ ಕೇಳಿದ್ದರು. ನೆಲ ಹಾಳಾಗುತ್ತದೆ ಅಂತ ಬೇಡ ಅಂದಿದ್ದೆ. ನೆಲಕ್ಕೋಸ್ಕರ ಬೇಡ ಅಂದಿದ್ದೆ!

ಒಂದು ಕೇಳುತ್ತೇನೆ. ಗ್ಯಾಸ್ ಗ್ರಿಲ್ ಇಟ್ಟರೆ ಕಿಡಿ, ಬೂದಿ ಎರಡೂ ಇರುವುದಿಲ್ಲ ಅಲ್ವಾ? ಯಾರಾದರೂ ಬಳಸಿದ್ದೀರಾ?

ಮೆಲ್ಬರ್ನ್‌ನಿಂದ

ನಮ್ಮೂರು ಕೊಪ್ಪ ಹತ್ತಿರ. ಆಸ್ಟ್ರೇಲಿಯಾಕ್ಕೆ ಬಂದು ಬಹಳ ವರ್ಷ ಆಯಿತು. ಇಲ್ಲಿ ರಜೆಗೆ ಮನೆ ಬಾಡಿಗೆಗೆ ತೆಗೆದುಕೊಂಡರೆ ಹಿತ್ತಲಲ್ಲಿ ಗ್ಯಾಸ್ ಬಾರ್ಬೆಕ್ಯೂ ಇದ್ದೇ ಇರುತ್ತದೆ ಅನ್ನಬಹುದು. ಕೆಳಗೆ 9 ಕೆಜಿ ಸಿಲಿಂಡರ್. ಪಾರ್ಕುಗಳಲ್ಲಿ ಬಟನ್ ಒತ್ತಿದರೆ ಬಿಸಿಯಾಗುವ ಕರೆಂಟಿನ ಬಾರ್ಬೆಕ್ಯೂ ಇರುತ್ತವೆ, ದುಡ್ಡಿಲ್ಲ. ಜನ ಅಡುಗೆ ಮುಗಿಸಿ ಒರೆಸಿ ಹೋಗುತ್ತಾರೆ.

ಇಷ್ಟು ಬೆಂಕಿ ಇಷ್ಟಪಡುವ ದೇಶ ಬೆಂಕಿಗೆ ಎಷ್ಟು ಹೆದರುತ್ತದೆ ಅಂತ ಇಲ್ಲಿಗೆ ಬಂದಮೇಲೆ ಗೊತ್ತಾಯಿತು. 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ ಒಂದೇ ದಿನದ ಕಾಡ್ಗಿಚ್ಚುಗಳಿಗೆ 173 ಜನ ತೀರಿಕೊಂಡರು. ಬಿಸಿಲು, ಗಾಳಿ ಎರಡೂ ಜೋರಾಗಿರುವ ದಿನ ಇಡೀ ಜಿಲ್ಲೆಗೆ ಬೆಂಕಿ ನಿಷೇಧ ಅಂತ ಘೋಷಣೆ ಮಾಡುತ್ತಾರೆ. ಆ ದಿನ ಇದ್ದಿಲು, ಕಟ್ಟಿಗೆ ಯಾವುದೂ ಹಚ್ಚುವ ಹಾಗಿಲ್ಲ. ಗ್ಯಾಸಿನದಕ್ಕೂ ಷರತ್ತು. ಸುತ್ತ 3 ಮೀಟರ್ ಜಾಗದಲ್ಲಿ ಉರಿಯುವಂಥದ್ದು ಏನೂ ಇರಬಾರದು. ನೀರಿನ ಪೈಪ್ ಕೈಗೆ ಸಿಗಬೇಕು, ಇಲ್ಲವಾದರೆ ಕಡೇಪಕ್ಷ 10 ಲೀಟರ್ ನೀರು ಪಕ್ಕದಲ್ಲಿ ಇರಬೇಕು. ದೊಡ್ಡವರು ಒಬ್ಬರು ಉರಿ ಬಿಟ್ಟು ಕದಲಬಾರದು. ಕೊಡಗಿನವರು ಹೇಳಿದ "ಒಬ್ಬ ಮನುಷ್ಯ" ಇಲ್ಲಿ ಕಾನೂನಿನಲ್ಲೇ ಇದ್ದಾನೆ.

ಗ್ಯಾಸ್ ಇಡುವುದಾದರೆ ಒಂದು ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಸಲ ಸಿಲಿಂಡರ್ ಸಿಕ್ಕಿಸಿದಮೇಲೆ ಪೈಪು, ಕೂಡಿಕೆಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ತಗ್ಗಿನಲ್ಲಿ ನಿಲ್ಲುತ್ತದೆ. ಮೆಟ್ಟಿಲ ಕೆಳಗೆ, ಚರಂಡಿ ಪಕ್ಕ ಇಡಬೇಡಿ.

ಸಕಲೇಶಪುರದಿಂದ

ಇನ್ನೊಂದು ಮಾತು. ಮನೆಗೆ ಬರುವ 14.2 ಕೆಜಿಯ ಕೆಂಪು ಸಿಲಿಂಡರ್ ಗೆಸ್ಟ್ ಗ್ರಿಲ್‌ಗೆ ಬಳಸುವ ಹಾಗಿಲ್ಲ. ವ್ಯಾಪಾರಕ್ಕೆ ಅಂದರೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ತೆಗೆದುಕೊಳ್ಳಬೇಕು. ಗ್ಯಾಸ್ ಮುಗಿದಾಗ ಅಡುಗೆಮನೆಯ ಸಿಲಿಂಡರನ್ನು ಎತ್ತಿ ತಂದು ಸಿಕ್ಕಿಸುವುದು ನಮ್ಮಲ್ಲಿ ಮಾಮೂಲಿ ಆಗಿದೆ. ತಪ್ಪು.

ಬೆಂಗಳೂರಿನ ಗೆಸ್ಟ್

ನಾನು ಆ ಕಡೆಯವನು, ಫೋನ್ ಮಾಡಿ "ಬಾರ್ಬೆಕ್ಯೂ ಇದೆಯಾ" ಅಂತ ಕೇಳುವವನು. ಯಾಕೆ ಕೇಳುತ್ತೇವೆ ಅಂತ ಹೇಳಲಾ? ನಾವು ಇರುವುದು ಹನ್ನೆರಡನೇ ಮಹಡಿಯಲ್ಲಿ. ಮಗಳಿಗೆ ಏಳು ವರ್ಷ. ಅವಳು ಬೆಂಕಿ ಅಂತ ನೋಡಿರುವುದು ಗ್ಯಾಸ್ ಸ್ಟೌವಿನ ನೀಲಿ ಉರಿ, ದೀಪದ ಕುಡಿ ಅಷ್ಟೇ. ಕಳೆದ ವರ್ಷ ಒಂದು ತೋಟದ ಮನೆಯಲ್ಲಿ ಅಲ್ಲಿನ ಅಜ್ಜ ಅವಳ ಕೈಗೆ ಉದ್ದನೆಯ ಚಿಮಟ ಕೊಟ್ಟು, ತಾವು ಅವಳ ಮೊಣಕೈ ಹಿಡಿದುಕೊಂಡು, ಜೋಳ ತಿರುಗಿಸಲು ಹೇಳಿಕೊಟ್ಟರು. ಕಾಳು ಚಟಪಟ ಅಂದಾಗ ಅವಳ ಮುಖ ನೋಡಬೇಕಿತ್ತು. ಆಮೇಲೆ ಉಪ್ಪು, ಖಾರದ ಪುಡಿಯಲ್ಲಿ ಅದ್ದಿದ ಅರ್ಧ ನಿಂಬೆಹಣ್ಣು ಉಜ್ಜಿದ್ದು. ನಾವು ಆ ಊರಿಗೆ ಮತ್ತೆ ಹೋಗುವುದು ಆ ಅಜ್ಜನಿಗೋಸ್ಕರ.

ಇನ್ನೊಂದು ಕಡೆ ಗ್ರಿಲ್ ಕೊಟ್ಟು ಹೋಗಿಬಿಟ್ಟರು. ನನಗೆ ಹಚ್ಚಲು ಬರಲಿಲ್ಲ. ಒಂಬತ್ತಾದರೂ ಕೆಂಡವಾಗಲಿಲ್ಲ, ಮಕ್ಕಳು ಹಸಿದು ಮಲಗಿದರು. ಕೊನೆಗೆ ಅರ್ಧ ಬೆಂದ ಕೋಳಿ ತಿಂದು ಮೂವರಿಗೆ ಹೊಟ್ಟೆ ಕೆಟ್ಟಿತು.

ಹಾಗಾಗಿ ದುಡ್ಡು ಕೇಳಿ. ಇದ್ದಿಲು, ಜೊತೆಗೆ ಒಬ್ಬರ ಎರಡೂವರೆ ಗಂಟೆ, ಇಷ್ಟಕ್ಕೆ ಇಷ್ಟು ಅಂತ ಮೊದಲೇ ಹೇಳಿ. ನಮಗೆ ಬೇಸರ ಇಲ್ಲ. ಪಕ್ಕದಲ್ಲಿ ಗೊತ್ತಿರುವವರು ಒಬ್ಬರು ನಿಂತಿದ್ದರೆ ನಮಗೂ ನೆಮ್ಮದಿ.

ನನ್ನ ಹೆಂಡತಿ ಸಸ್ಯಾಹಾರಿ. ಅದೇ ಸರಳಿನ ಮೇಲೆ ಕೋಳಿ ಸುಟ್ಟು ಆಮೇಲೆ ಪನೀರ್ ಇಟ್ಟರೆ ಅವಳು ತಿನ್ನುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ, ಸುಮ್ಮನೆ ಮೊಸರನ್ನ ತಿಂದು ಎದ್ದುಬಿಡುತ್ತಾಳೆ. ಬೇರೆ ಜಾಲರಿ, ಬೇರೆ ಚಿಮಟ ಒಂದು ಇಟ್ಟರೆ ದೊಡ್ಡ ಉಪಕಾರ.

ಸಾಗರ ಅಡಿಕೆ ತೋಟ

ಬೆಂಗಳೂರಿನವರ ಕೊನೆಯ ಮಾತಿಗೆ ನಮ್ಮ ಅನುಭವ. ನಮ್ಮದು ಪೂರ್ತಿ ಸಸ್ಯಾಹಾರಿ ಮನೆ, ಆದರೂ ಬೆಂಕಿ ಕೊಡುತ್ತೇವೆ. ಬದನೆಕಾಯಿ, ಗೆಣಸು, ಜೋಳ, ಅನಾನಸ್. ಮಳೆಗಾಲಕ್ಕೆ ಕೆಮ್ಮಣ್ಣಿನಲ್ಲಿ ಇಟ್ಟ ಹಲಸಿನ ಬೀಜ ಇದ್ದರೆ ಬಿಸಿ ಬೂದಿಯಲ್ಲಿ ಹುಗಿದಿಡುತ್ತೇವೆ. ಸುಡುವ ಮುಂಚೆ ಬೀಜದ ಸಿಪ್ಪೆ ಒಂದು ಕಡೆ ಕೊಯ್ಯಿರಿ, ಇಲ್ಲದಿದ್ದರೆ ಸಿಡಿದು ಮುಖಕ್ಕೆ ಬರುತ್ತದೆ. ಬಂದವರು ಕೋಳಿ ಇಲ್ಲ ಅಂತ ಮೊದಲು ಸ್ವಲ್ಪ ಸಪ್ಪಗಾಗುತ್ತಾರೆ. ಸುಟ್ಟ ಬದನೆಕಾಯಿ ಗೊಜ್ಜು ಬಾಯಿಗಿಟ್ಟಮೇಲೆ ಕೇಳುವುದಿಲ್ಲ.

ಕಡ್ಡಿಯ ವಿಷಯ ಯಾರೂ ಹೇಳಲಿಲ್ಲ. ಪನೀರ್ ಚುಚ್ಚಲು ಕಡ್ಡಿ ಸಾಲದೆ ಬಂದರೆ ಗೆಸ್ಟ್ ಅಂಗಳದ ಗಿಡ ಮುರಿಯುತ್ತಾರೆ. ನಮ್ಮಲ್ಲಿ ಒಬ್ಬರು ಕಣಗಿಲೆ ಕಡ್ಡಿ ಮುರಿದು, ಸಿಪ್ಪೆ ತೆಗೆದು ನೀಟಾಗಿ ಇಟ್ಟುಕೊಂಡಿದ್ದರು. ನಮ್ಮ ತಂದೆ ಓಡಿಹೋಗಿ ಕಿತ್ತುಕೊಂಡರು. ಕಣಗಿಲೆಯ ಎಲೆ, ಕಡ್ಡಿ, ಹೂ ಎಲ್ಲವೂ ವಿಷ, ಹೃದಯಕ್ಕೇ ಹೊಡೆತ. ಅದರ ಕಟ್ಟಿಗೆ ಉರಿಸಿದ ಹೊಗೆಯೂ ಒಳ್ಳೆಯದಲ್ಲ. ಸ್ಟೀಲ್ ಕಡ್ಡಿ ಎರಡು ಡಜನ್ ತಂದಿಡಿ. ಬಿದಿರ ಕಡ್ಡಿಯಾದರೆ ಅರ್ಧ ಗಂಟೆ ನೀರಲ್ಲಿ ನೆನೆಸಿ.

ಕಾಫಿ ಕಣ

ಮೂಡಿಗೆರೆ ಅಕ್ಕ, ನಿಮ್ಮ ಕಣ ಎಲ್ಲಿದೆ? ಡಿಸೆಂಬರ್ ಜನವರಿ ಅಂದರೆ ಒಂದು ಕಡೆ ಗೆಸ್ಟ್ ತುಂಬಿರುತ್ತಾರೆ, ಇನ್ನೊಂದು ಕಡೆ ಕಣದಲ್ಲಿ ಕಾಫಿ ಹರಡಿರುತ್ತದೆ. ಕಾಫಿ ಸುತ್ತಲಿನ ವಾಸನೆ ಹೀರುತ್ತದೆ. ಮೀನು ಸುಟ್ಟ ಹೊಗೆ ರಾತ್ರಿಯಿಡೀ ಕಣದ ಮೇಲೆ ಕೂತರೆ ಬೀಜದಲ್ಲಿ ಉಳಿಯುತ್ತದೆ. ಕಪ್ಪಿನಲ್ಲಿ ರುಚಿ ನೋಡುವವರು ಅದನ್ನು ಹಿಡಿಯುತ್ತಾರೆ. ನಾವು ಗ್ರಿಲ್ ಜಾಗವನ್ನು ಕಣದ ಕೆಳಗಾಳಿಗೆ ಬದಲಾಯಿಸಿದೆವು. ಸಂಜೆ ಒಂದು ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ಅಂತ ವಾರವಿಡೀ ನೋಡಿ ಜಾಗ ಗುರುತು ಮಾಡಿದ್ದು.

ಶಿರಸಿ ಕಡೆಯಿಂದ

ಹೊಗೆ ಅಂದಾಗ ನೆನಪಾಯಿತು. ಬೆಂಕಿ ಹಾಕುವ ಮುಂಚೆ ಒಮ್ಮೆ ತಲೆ ಎತ್ತಿ ಮೇಲೆ ನೋಡಿ. ಹೆಜ್ಜೇನು ಊರಿಂದೂರಿಗೆ ಹಾರುವ ಹುಳ. ಹೋದ ವಾರ ಇಲ್ಲದ ಕೊಂಬೆಯಲ್ಲಿ ಈ ವಾರ ತಟ್ಟಿ ಕಟ್ಟಿರುತ್ತದೆ. ನಮ್ಮ ಪಕ್ಕದ ಊರಲ್ಲಿ ಮರದ ಕೆಳಗೆ ಒಲೆ ಹೂಡಿ ಹೊಗೆ ಎದ್ದದ್ದೇ ತಡ, ಹುಳ ಇಳಿದವು. ನೀರಿಗೆ ಹಾರಿದರೂ ಬಿಡಲಿಲ್ಲ. ಮೂರು ಜನ ಆಸ್ಪತ್ರೆಯಲ್ಲಿ ಇದ್ದು ಬಂದರು. ಮರದಡಿ ನೆರಳಿದೆ, ಚೆಂದ ಕಾಣುತ್ತದೆ ಅಂತ ಗ್ರಿಲ್ ಅಲ್ಲಿಡಬೇಡಿ. ಬಯಲಲ್ಲಿ ಇಡಿ.

ಧಾರವಾಡದವರು

ಅಕ್ಕಾರೆ, ನಮ್ಮ ಕಡೆ ಸೀತನಿ ಅಂತ ಮಾಡುತ್ತೇವೆ. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲಿ ಕುಳ್ಳಿನ ಬೆಂಕಿಗೆ ಸುಟ್ಟು, ಕೈಯಲ್ಲಿ ಉಜ್ಜಿ ಕಾಳು ಉದುರಿಸಿ, ಶೇಂಗಾ ಹಿಂಡಿ, ಬೆಲ್ಲದ ಜೊತೆ ತಿನ್ನುವುದು. ಊರಿಗೆ ಬಂದ ಬೀಗರಿಗೆ ಅದೇ ದೊಡ್ಡ ಉಪಚಾರ. ನಾನು ಯಾಕೆ ಹೇಳಿದೆ ಅಂದರೆ, ಅಲ್ಲಿಯೂ ಸುಡುವವರು ಬೇರೆ, ತಿನ್ನುವವರು ಬೇರೆ. ಬೀಗರ ಕೈಗೆ ಬೆಂಕಿ ಕೊಟ್ಟು ಮನೆಯವರು ಒಳಗೆ ಹೋಗಿ ಮಲಗಿದ್ದನ್ನು ನಾನು ಕಂಡಿಲ್ಲ. ಗೆಸ್ಟ್ ಅಂದರೂ ಬಂದವರೇ ಅಲ್ಲವೇನು?

ಕೊಡಗು ಹೋಂಸ್ಟೇ, 11 ವರ್ಷ

ಧಾರವಾಡದವರು ನನ್ನ ಮನಸ್ಸಿನ ಮಾತು ಹೇಳಿದರು.

ಇನ್ನೆರಡು ವಿಷಯ ಹೇಳಿ ಮುಗಿಸುತ್ತೇನೆ. ಕೋಳಿ. ಮಸಾಲೆ ಹಚ್ಚಿದ ಹಸಿ ಕೋಳಿ ಫ್ರಿಜ್‌ನಲ್ಲೇ ಇರಲಿ, ಸುಡುವಾಗ ಸ್ವಲ್ಪ ಸ್ವಲ್ಪ ತನ್ನಿ. ಹಸಿ ಇಟ್ಟ ತಟ್ಟೆಗೇ ಸುಟ್ಟದ್ದನ್ನು ಎತ್ತಿ ಹಾಕುವುದು ಎಲ್ಲರೂ ಮಾಡುವ ತಪ್ಪು. ನಾವು ಹಸಿಗೆ ಕೆಂಪು ಪ್ಲಾಸ್ಟಿಕ್ ಬೇಸನ್, ಬೆಂದದ್ದಕ್ಕೆ ಸ್ಟೀಲ್ ತಟ್ಟೆ ಅಂತ ಬೇರೆ ಮಾಡಿದ್ದೇವೆ. ಚುಚ್ಚುವ ಥರ್ಮಾಮೀಟರ್ ಒಂದು ಇದೆ. ಮೂಳೆಗೆ ತಾಗದ ಹಾಗೆ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ತೋರಿಸಿದರೆ ಬೆಂದಿದೆ. ನಾವೇ ಮಸಾಲೆ ಹಚ್ಚಿ ಕೊಟ್ಟು ದುಡ್ಡು ತೆಗೆದುಕೊಳ್ಳುವುದರಿಂದ ಆಹಾರ ಸುರಕ್ಷತೆಯ ಎಫ್ಎಸ್ಎಸ್ಎಐ ನೋಂದಣಿ ಮಾಡಿಸಿದ್ದೇವೆ.

ಇನ್ನೊಂದು, ತಂತಿ ಬ್ರಷ್. ಸರಳು ಉಜ್ಜಲು ಅದನ್ನು ಬಳಸಬೇಡಿ. ತಂತಿಯ ಎಳೆ ಕಿತ್ತು ಸರಳಿಗೆ ಅಂಟಿ, ಮಾಂಸದ ಜೊತೆ ಗಂಟಲಿಗೆ ಹೋಗುತ್ತದೆ. ಸರಳು ಬಿಸಿ ಇರುವಾಗಲೇ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ತಿಕ್ಕಿ. ಆರಿದಮೇಲೆ ತೆಂಗಿನ ನಾರು, ಬಿಸಿನೀರು. ಮೂಳೆಗಳನ್ನು ರಾತ್ರಿಯೇ ಎತ್ತಿ ಹೂಳಿ. ಬಿಟ್ಟರೆ ನಾಯಿ ಬರುತ್ತವೆ, ನಾಯಿ ಹಿಂದೆ ಚಿರತೆ ಬರುತ್ತದೆ.

ಮೂಡಿಗೆರೆ ತೋಟದ ಮನೆ (ಐದು ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಕೇಳಿ ಸುಮ್ಮನಾದಳು ಅಂದುಕೊಳ್ಳಬೇಡಿ. ಕಣದ ಕೆಲಸ ಮುಗಿಯುವ ತನಕ ಬರೆಯಲು ಆಗಲಿಲ್ಲ.

ಗ್ರಿಲ್ ಮಾಡಿಸಿದೆವು, ಹೊಸ ಶೀಟಿನಲ್ಲಿ, ಚಕ್ರ ಇಲ್ಲದೆ. ಊದುಬತ್ತಿ ಹಿಡಿದುಕೊಂಡು ಅಂಗಳದಲ್ಲಿ ಓಡಾಡಿದವರು ಅತ್ತೆ. ಮನೆಯಿಂದ ಮೂವತ್ತು ಅಡಿ ಆಚೆ, ಹಳೇ ಭತ್ತದ ಕಣ ಇದ್ದ ಜಾಗ. ಮೇಲೆ ಮರ ಇಲ್ಲ. ಸುತ್ತ ನಾಲ್ಕು ಮೀಟರ್ ಹುಲ್ಲು ಕೆರೆದು ಜಲ್ಲಿ ಹಾಕಿಸಿದೆವು. ಪಕ್ಕದಲ್ಲಿ ಎರಡು ಬಕೆಟ್ ಮರಳು, ಒಂದು ಡ್ರಮ್ ನೀರು, ಉದ್ದನೆಯ ಪೈಪು. ಕೊಬ್ಬು ಸೋರಿ ಉರಿ ಎದ್ದರೆ ನೀರು ಹಾಕುವುದಿಲ್ಲ, ಮುಚ್ಚಳ ಹಾಕುತ್ತೇವೆ, ಜೋರಾದರೆ ಮರಳು.

ಇದ್ದಿಲು ತಿಪಟೂರಿನ ಕಡೆಯಿಂದ ತರಿಸಿದ ತೆಂಗಿನ ಚಿಪ್ಪಿನದು. ಬಿಸಿ ಚೆನ್ನಾಗಿ ನಿಲ್ಲುತ್ತದೆ, ಬೂದಿ ಕಡಿಮೆ. ಎಂಟು ಜನಕ್ಕೆ ಎರಡು ಕೆಜಿ ಸಾಕಾಗುತ್ತಿದೆ. ಒಂದು ಸಂಜೆಗೆ 700 ರೂಪಾಯಿ ಇಟ್ಟಿದ್ದೇವೆ. ಫೋನಿನಲ್ಲೇ ಹೇಳುತ್ತೇನೆ. "ಬೆಂಕಿ ನಾವೇ ಹಚ್ಚುತ್ತೇವೆ, ನಾವು ಅಲ್ಲೇ ಇರುತ್ತೇವೆ, ಒಂಬತ್ತೂವರೆಗೆ ಆರಿಸುತ್ತೇವೆ, ನಿಮ್ಮ ಗ್ರಿಲ್ ತರಬೇಡಿ, ಕೆಂಡ ರೂಮಿಗೆ ಕೊಡುವುದಿಲ್ಲ." ಒಬ್ಬರೇ ಒಬ್ಬರು ಬೇಡ ಅಂದರು.

ಮೊದಲ ಸಲ ಬಂದವರು ಮೈಸೂರಿನ ಒಂದು ಕುಟುಂಬ. ಯಜಮಾನರು ಹಚ್ಚಿದರು. ಬೆಂಕಿ ಬೇಡ ಅನ್ನುತ್ತಿದ್ದ ಅತ್ತೆ ಒಂದು ಮಣೆ ತಂದು ಹತ್ತಿರ ಕೂತರು. ಮಕ್ಕಳಿಗೆ ಜಲ್ಲಿಯ ಅಂಚಿನಲ್ಲಿ ಸುಣ್ಣದ ಗೆರೆ ಎಳೆದು "ಇದನ್ನು ದಾಟಬೇಕಾದರೆ ನನ್ನ ಕೈ ಹಿಡಿಯಬೇಕು" ಅಂದರು. ಅವತ್ತು ಅತ್ತೆಯ ಕೈ ಖಾಲಿಯೇ ಇರಲಿಲ್ಲ. ಗೆಣಸು ಬೂದಿಯಿಂದ ತೆಗೆದು, ಸೀರೆ ಸೆರಗಿನಲ್ಲಿ ಒರೆಸಿ, ಸಿಪ್ಪೆ ಬಿಡಿಸಿ, ಮೇಲೆ ಒಂದು ಚಮಚ ತುಪ್ಪ ಹಾಕಿ ಒಬ್ಬೊಬ್ಬರಿಗೂ ಕೊಟ್ಟರು. ಆ ಮಕ್ಕಳ ತಂದೆ ಅವತ್ತು ಫೋನ್ ತೆಗೆಯಲೇ ಇಲ್ಲ, ಗೆಣಸು ತಿನ್ನುತ್ತಾ ಕೂತಿದ್ದರು.

ಸಾಗರದವರು ಹೇಳಿದ ಮೇಲೆ ನಮ್ಮ ಗೇಟಿನ ಬಳಿ ಇದ್ದ ಕಣಗಿಲೆ ಗಿಡಕ್ಕೆ ಒಂದು ಹಲಗೆ ಕಟ್ಟಿದ್ದೇವೆ. ಬೇರೆ ಜಾಲರಿಗೆ ಹಸಿರು ದಾರ ಕಟ್ಟಿದೆ, ಅದು ಸಸ್ಯಾಹಾರಿಗಳದ್ದು.

ಬೆಂಗಳೂರಿನ ಗೆಸ್ಟ್

ಓದಿ ತುಂಬಾ ಸಂತೋಷ ಆಯಿತು ಮೇಡಂ. ಹಸಿರು ದಾರದ ವಿಷಯ ಹೆಂಡತಿಗೆ ಓದಿ ಹೇಳಿದೆ. ಶಿವರಾತ್ರಿ ಕಳೆದಮೇಲೆ ಬರಬಹುದಾ? ಬೂದಿ ಈಗ ಎಲ್ಲಿ ಹಾಕುತ್ತೀರಿ?

ಮೂಡಿಗೆರೆ ತೋಟದ ಮನೆ

ಖಂಡಿತ ಬನ್ನಿ. ಆದರೆ ಗ್ರಿಲ್ ಇರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಫೆಬ್ರವರಿ 1ಕ್ಕೆ ಅದನ್ನು ಎತ್ತಿ ಗೋದಾಮಿನಲ್ಲಿಟ್ಟು ಬೀಗ ಹಾಕಿದ್ದೇವೆ. ಮಳೆ ಹಿಡಿದು ನೆಲ ನೆನೆದಮೇಲೆ ತೆಗೆಯುವುದು. ಅಲ್ಲಿಯ ತನಕ ಅಡುಗೆಮನೆ ಒಲೆಯಲ್ಲಿ ಸುಟ್ಟು ಕೊಡುತ್ತೇವೆ, ಮಗಳನ್ನು ಒಳಗೆ ಕರೆದುಕೊಂಡು ಬನ್ನಿ, ಅತ್ತೆಯ ಪಕ್ಕ ಕೂರಿಸೋಣ.

ಬೂದಿಗೆ ಮುಚ್ಚಳ ಇರುವ ಕಬ್ಬಿಣದ ಡಬ್ಬ ಮಾಡಿಸಿದ್ದೇವೆ. ಅದು ಜಲ್ಲಿ ಮೇಲೆ ಎರಡು ರಾತ್ರಿ ಇರುತ್ತದೆ. ಮೂರನೇ ದಿನ ಯಜಮಾನರು ಒಳಗೆ ನೀರು ಹಾಕಿ ಕಲಸಿ, ಕೈಯಿಂದ ಮುಟ್ಟಿ ನೋಡಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕುತ್ತಾರೆ.